ಬರಿದಾಗಿ ಉಳಿದ ಪೀಠ

ಲೋಕಸಭೆಯು ಸಾಧ್ಯವಾದಷ್ಟು ಬೇಗ ಸಭಾಧ್ಯಕ್ಷರನ್ನೂ ಉಪಸಭಾಧ್ಯಕ್ಷರನ್ನೂ ಆರಿಸಿಕೊಳ್ಳಬೇಕೆಂದು ನಮ್ಮ ಸಂವಿಧಾನದ 93ನೇ ವಿಧಿ ಹೇಳುತ್ತದೆ. 1952ರಿಂದ ಹದಿನಾರು ಲೋಕಸಭೆಗಳು ಇದನ್ನು ಪಾಲಿಸಿದವು. ಉಪಸಭಾಧ್ಯಕ್ಷ ಸ್ಥಾನವನ್ನು ವಿರೋಧ ಪಕ್ಷಕ್ಕೆ ಬಿಟ್ಟುಕೊಡುವ ಸತ್ಸಂಪ್ರದಾಯವೂ ಕ್ರಮೇಣ ಬೆಳೆಯಿತು. ಆದರೆ 2019ರಲ್ಲಿ ರಚನೆಯಾದ ಹದಿನೇಳನೆಯ ಲೋಕಸಭೆ ತನ್ನ ಅವಧಿಯುದ್ದಕ್ಕೂ ಆ ಸ್ಥಾನವನ್ನು ತುಂಬಲೇ ಇಲ್ಲ.

ವಿಧಿಯಲ್ಲಿ ಗಡುವಿಲ್ಲವಲ್ಲ ಎನ್ನಬಹುದು. ನೆರೆಯವರು ದಿನ ಗೊತ್ತುಮಾಡದೆ ಕೊಟ್ಟ ಕೈಸಾಲವನ್ನು ನಾವು ತೀರಿಸಬೇಕಿಲ್ಲವೇ?

ವಿರೋಧ ಪಕ್ಷದವರೊಬ್ಬರು ಪೀಠವೇರಿ ಕಲಾಪ ನಡೆಸುವುದು, ಸದನವು ಆಳುವವರ ಸ್ವತ್ತಲ್ಲ ಎಂಬುದಕ್ಕೆ ಸಾಕ್ಷಿ. ಆ ಸಾಕ್ಷಿ ಇಲ್ಲವಾದಾಗ ನಾವೂ ಮೌನವಾಗಿದ್ದೆವು. ಮತ ಕೇಳಲು ಮನೆಬಾಗಿಲಿಗೆ ಬರುವವರನ್ನು ರಸ್ತೆ, ನೀರಿನ ಜೊತೆಗೆ ಈ ಪೀಠದ ಬಗ್ಗೆಯೂ ಕೇಳಿರಿ. ಕೇಳದಿದ್ದರೆ ಆ ಮೌನದ ಹೊಣೆ ನಮ್ಮದೇ.