ಮೂಟೆ ಲೆಕ್ಕ ಬಾಯಲ್ಲೇ ಹೇಳೋ ಹುಡುಗ 'ಎಕ್ಸ್' ಕಂಡ್ರೆ ಯಾಕೆ ಹೆದರ್ತಾನೆ? ಹತ್ತನೇ ಕ್ಲಾಸ್ ಬೀಜಗಣಿತದ ಅಂಕಗಳ ಒಳಗುಟ್ಟು

ತರಗುಪೇಟೆ: ಅಂಗಡಿಗೆ ಐವತ್ತು ಚೀಲ ಅಕ್ಕಿ ಬಂದಿದೆ ಅಂದುಕೊಳ್ಳಿ. ಕೆಲವು 25 ಕೆಜಿಯವು, ಉಳಿದವು 10 ಕೆಜಿಯವು. ಒಟ್ಟು ತೂಕ 950 ಕೆಜಿ. 25ರ ಚೀಲ ಎಷ್ಟು?

ನಮ್ಮ ಪೇಟೆಯಲ್ಲಿ ನಾಲ್ಕು ವರ್ಷ ಗಲ್ಲಾಪೆಟ್ಟಿಗೆ ಪಕ್ಕ ಕೂತವರು ಯಾರಾದರೂ ಹೀಗೆ ಲೆಕ್ಕ ಹಾಕ್ತಾರೆ. ಎಲ್ಲವೂ 10ರ ಚೀಲವೇ ಆಗಿದ್ದರೆ 500 ಕೆಜಿ ಆಗಬೇಕಿತ್ತು. 450 ಕೆಜಿ ಜಾಸ್ತಿ ಇದೆ. ಒಂದೊಂದು ದೊಡ್ಡ ಚೀಲಕ್ಕೆ 15 ಕೆಜಿ ಜಾಸ್ತಿ. ಹಾಗಾದರೆ 450ರಲ್ಲಿ 15 ಎಷ್ಟು ಸಲ? ಮೂವತ್ತು. ದೊಡ್ಡದು 30, ಚಿಕ್ಕದು 20. ಪೆನ್ನು ಮುಟ್ಟಲಿಲ್ಲ.

ಇದೇ ಲೆಕ್ಕ ಹತ್ತನೇ ಕ್ಲಾಸಿನ ಪುಸ್ತಕದಲ್ಲಿ 'ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ' ಅನ್ನೋ ದೊಡ್ಡ ಹೆಸರಿನ ಪಾಠ. ಎಕ್ಸ್ ಕೂಡಿಸು ವೈ ಸಮ 50. ಇಪ್ಪತ್ತೈದು ಎಕ್ಸ್ ಕೂಡಿಸು ಹತ್ತು ವೈ ಸಮ 950. ಮೊದಲನೆಯದನ್ನು ಹತ್ತರಿಂದ ಗುಣಿಸಿ ಎರಡನೆಯದರಿಂದ ಕಳೆದರೆ ಹದಿನೈದು ಎಕ್ಸ್ ಸಮ 450. ಗಮನಿಸಿ, ಅದೇ 500, ಅದೇ 450, ಅದೇ 15. ಅಂಗಡಿಯವರು ಬಾಯಲ್ಲಿ ಮಾಡಿದ್ದನ್ನೇ ಪುಸ್ತಕ 'ವರ್ಜಿಸುವ ವಿಧಾನ' ಅಂತ ಕರೀತದೆ. ಆದರೂ ಅಪ್ಪನ ಅಂಗಡಿಯಲ್ಲಿ ಚುರುಕಾಗಿರೋ ಹುಡುಗ ಗಣಿತದಲ್ಲಿ ಮಾತ್ರ ಒದ್ದಾಡ್ತಾನೆ. ಇದು ಯಾಕೆ ಅಂತ ನೋಡಬೇಕಾದರೆ ಪರೀಕ್ಷೆಯ ಅಂಕ ಹೇಗೆ ಬೀಳುತ್ತೆ ಅನ್ನೋದನ್ನ ನೋಡಬೇಕು. ಅಂಕ ಎಲ್ಲಿ ಬೀಳುತ್ತೋ ಪಾಠವೂ ಅಲ್ಲೇ ನಡೆಯೋದು.

ಎಸ್‌ಎಸ್‌ಎಲ್‌ಸಿ ಗಣಿತಕ್ಕೆ ಒಟ್ಟು 100 ಅಂಕ. ಲಿಖಿತ 80, ಶಾಲೆಯೇ ಕೊಡುವ ಆಂತರಿಕ ಅಂಕ 20. ಈಚಿನ ವರ್ಷಗಳ ಮಾದರಿಯಲ್ಲಿ ಪತ್ರಿಕೆಗೆ 38 ಪ್ರಶ್ನೆ. ಒಂದು ಅಂಕದವು 16 (ಅದರಲ್ಲಿ ಎಂಟು ಬಹು ಆಯ್ಕೆ), ಎರಡು ಅಂಕದವು ಎಂಟು, ಮೂರರವು ಒಂಬತ್ತು, ನಾಲ್ಕರವು ನಾಲ್ಕು, ಐದರದ್ದು ಒಂದು. ಬಹುಪದೋಕ್ತಿ, ಸಮೀಕರಣಗಳ ಜೋಡಿ, ವರ್ಗ ಸಮೀಕರಣ, ಸಮಾಂತರ ಶ್ರೇಢಿ, ಈ ನಾಲ್ಕು ಪಾಠ ಬೀಜಗಣಿತದ್ದು.

ಮೌಲ್ಯಮಾಪನ ಹಂತ ಹಂತವಾಗಿ, ಅರ್ಧರ್ಧ ಅಂಕದ ಲೆಕ್ಕದಲ್ಲಿ ನಡೆಯುತ್ತೆ. ಸೂತ್ರ ಬರೆದರೆ ಅರ್ಧ, ಬೆಲೆ ಹಾಕಿದರೆ ಅರ್ಧ, ಬಿಡಿಸಿದರೆ ಅರ್ಧ, ಉತ್ತರಕ್ಕೆ ಅರ್ಧ. ಇದರಲ್ಲಿ ತಪ್ಪೇನೂ ಇಲ್ಲ. ಕೊನೆಯಲ್ಲಿ ಕೂಡುವಾಗ ಎಡವಿದ ಮಗುವಿಗೆ ಪೂರ್ತಿ ಸೊನ್ನೆ ಹಾಕೋದು ಅನ್ಯಾಯವೇ. ಆದರೆ ಇದರಿಂದ ಇನ್ನೊಂದು ದಾರಿಯೂ ತೆರೆದುಕೊಳ್ತು.

ನಾಲ್ಕು ಅಂಕದ ಗ್ರಾಫ್

ಗ್ರಾಫ್ ಪ್ರಶ್ನೆ ತಗೊಳ್ಳಿ. ಎರಡು ಸಮೀಕರಣ ಕೊಟ್ಟು ನಕ್ಷೆಯ ಮೂಲಕ ಬಿಡಿಸಿ ಅಂತ ಕೇಳ್ತಾರೆ. ಹೆಚ್ಚುಕಡಿಮೆ ಎರಡು ಕೋಷ್ಟಕಕ್ಕೆ ಎರಡು ಅಂಕ, ಗೆರೆ ಎಳೆದಿದ್ದಕ್ಕೆ ಒಂದು, ಗೆರೆಗಳು ಕೂಡುವ ಬಿಂದು ಬರೆದಿದ್ದಕ್ಕೆ ಒಂದು ಅಂತ ಹಂಚಿಕೆ. ನಾಲ್ಕೂ ಅಂಕ ಪೂರ್ತಿ ತೆಗೆದ ಮಗುವನ್ನು ಒಂದು ಸಲ ಕೇಳಿ ನೋಡಿ: ಆ ಎರಡು ಗೆರೆ ಕೂಡಿದ ಜಾಗಕ್ಕೆ ಏನರ್ಥ? ಎಷ್ಟೋ ಮಕ್ಕಳು ಸುಮ್ಮನೆ ನಿಲ್ತಾರೆ. ಎರಡೂ ಷರತ್ತು ಒಟ್ಟಿಗೆ ನಿಜವಾಗೋದು ಅಲ್ಲಿ ಮಾತ್ರ, ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಚೀಲದ ಎಣಿಕೆಯೂ ತೂಕವೂ ಒಟ್ಟಿಗೆ ತಾಳೆಯಾಗೋ ಜಾಗ ಅದೊಂದೇ, ಅನ್ನೋದು ಅವರಿಗೆ ಯಾರೂ ಹೇಳಿರೋದಿಲ್ಲ. ಹೇಳದಿದ್ದರೂ ಅಂಕ ಬರುತ್ತಲ್ಲ!

ಇದಕ್ಕೇ 'ಪಾಸಿಂಗ್ ಪ್ಯಾಕೇಜ್' ಅನ್ನೋದು. ಜನವರಿ ಬಂತು ಅಂದರೆ ಸರ್ಕಾರಿ, ಅನುದಾನಿತ, ಖಾಸಗಿ ಅನ್ನದೆ ಎಲ್ಲ ಕಡೆ ಶುರು. ಗ್ರಾಫ್, ಒಂದು ಪ್ರಮೇಯ, ಸರಾಸರಿಯ ಕೋಷ್ಟಕ, ವರ್ಗ ಸಮೀಕರಣದ ಸೂತ್ರ, ಶ್ರೇಢಿಯ ಸೂತ್ರ. ಇಷ್ಟನ್ನ ಮತ್ತೆ ಮತ್ತೆ ಬರೆಸ್ತಾರೆ. ಮೇಷ್ಟ್ರುಗಳನ್ನ ಬೈಯೋಕೆ ನಾವು ತಯಾರಿಲ್ಲ. ಶಾಲೆಯ ಫಲಿತಾಂಶ ಬಿದ್ದರೆ ನೋಟಿಸ್ ಬರೋದು ಅವರಿಗೇ. ಆದರೆ ಈ ಪ್ಯಾಕೇಜಿನಲ್ಲಿ ಮೊದಲು ಹೊರಗೆ ಬೀಳೋದು ವಾಕ್ಯರೂಪದ ಲೆಕ್ಕ, ಅಂದರೆ ಕನ್ನಡದ ನಾಲ್ಕು ಸಾಲು ಓದಿ, ಯಾವುದು ಗೊತ್ತಿಲ್ಲವೋ ಅದಕ್ಕೆ ಎಕ್ಸ್ ಅಂತ ಹೆಸರಿಟ್ಟು, ಸಮೀಕರಣ ಕಟ್ಟೋ ಕೆಲಸ. ಬೀಜಗಣಿತದಲ್ಲಿ ಬೀಜ ಇರೋದೇ ಅಲ್ಲಿ.

ನಮ್ಮ ಕನ್ನಡಕ್ಕೆ ಇದು ಹೊಸದೂ ಅಲ್ಲ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಅನ್ನೋ ಕವಿ 'ವ್ಯವಹಾರಗಣಿತ' ಅಂತ ಗ್ರಂಥ ಬರೆದವನು. ಹೆಸರಲ್ಲೇ ವ್ಯವಹಾರ ಇದೆ.

ಇನ್ನು ಅಂಗಡಿ ಹುಡುಗನ ಬಾಯಿಲೆಕ್ಕ. ಸರಿಯಾದ ಬೇರೆ ವಿಧಾನದಲ್ಲಿ ಬಿಡಿಸಿದರೂ ಅಂಕ ಕೊಡಬೇಕು ಅನ್ನೋದು ನಿಯಮ. ಮಂಡಳಿಯ ಮಾದರಿ ಉತ್ತರಗಳಲ್ಲೇ 'ಪರ್ಯಾಯ ವಿಧಾನ' ಅಂತ ಕೊಟ್ಟಿರ್ತಾರೆ. ಆದರೆ ಆ ವಿಧಾನ ಕಾಗದದ ಮೇಲೆ ಇರಬೇಕು. '30 ಮತ್ತು 20' ಅಂತಷ್ಟೇ ಬರೆದು ಬಂದರೆ ಹಂತದ ಅಂಕಗಳು ಹೋದವು. 'ಎಲ್ಲವೂ 10 ಕೆಜಿ ಆಗಿದ್ದರೆ' ಅಂತ ಶುರುಮಾಡಿ ಮೂರು ಸಾಲು ಬರೆದಿದ್ದರೆ ಅದೂ ಒಂದು ವಿಧಾನವೇ. ಹೀಗೆ ಬರೆಯಬಹುದು ಅಂತ ಮಕ್ಕಳಿಗೆ ಗೊತ್ತಿಲ್ಲ. ಪ್ರಶ್ನೆಯಲ್ಲೇ 'ವರ್ಜಿಸುವ ವಿಧಾನದಿಂದ' ಅಂತ ಕೇಳಿದ್ದರೆ ಮಾತ್ರ ಅದೇ ರೀತಿ ಮಾಡಬೇಕು.

ಪಾಸ್ ಅಂಕ ಇಳಿದ ಮೇಲೆ

ಈಗ ದೊಡ್ಡ ವಿಷಯಕ್ಕೆ ಬರೋಣ. 2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿಗೆ ಕಡಿವಾಣ ಬಿತ್ತು. ಗ್ರೇಸ್ ಅಂಕವನ್ನ ಶೇ 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಇಳೀತು. 2025ರಲ್ಲಿ ಆ ಹೆಚ್ಚುವರಿ ಗ್ರೇಸ್ ಇರಲಿಲ್ಲ. ಪರೀಕ್ಷೆ-1ರಲ್ಲಿ ಪುನರಾವರ್ತಿತ ವಿದ್ಯಾರ್ಥಿಗಳೂ ಸೇರಿ ಪಾಸಾದವರು ಶೇ 62.34.

ಅದಾದ ಮೇಲೆ 2025ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಪಾಸ್ ಅಂಕವನ್ನೇ ಶೇ 35ರಿಂದ 33ಕ್ಕೆ ಇಳಿಸಿರೋದಾಗಿ ಪ್ರಕಟಿಸಿದರು. ಲಿಖಿತ, ಆಂತರಿಕ ಎರಡೂ ಸೇರಿ 625ಕ್ಕೆ 206 ಬರಬೇಕು, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಇರಬೇಕು.

ಎರಡು ಪರ್ಸೆಂಟ್ ತಾನೇ ಅಂತ ಅನಿಸಬಹುದು. ವ್ಯಾಪಾರಸ್ಥರಾಗಿ ನೀವೇ ಲೆಕ್ಕ ಹಾಕಿ. ಹಳೇ ಪದ್ಧತಿಯಲ್ಲಿ ಗಣಿತದ ಲಿಖಿತ ಪರೀಕ್ಷೆಯಲ್ಲೇ 80ಕ್ಕೆ 28 ತರಬೇಕಿತ್ತು. ಈಗ ಎರಡನ್ನೂ ಸೇರಿಸಿ 30 ಅಂದರೆ, ಶಾಲೆಯಿಂದ 18 ಆಂತರಿಕ ಅಂಕ ಸಿಕ್ಕಿದ ಮಗು ಲಿಖಿತದಲ್ಲಿ 12 ತಂದರೂ ಆ ಗೆರೆ ಮುಟ್ಟುತ್ತೆ. ಒಂದು ಗ್ರಾಫ್, ಒಂದು ಪ್ರಮೇಯ, ನಾಲ್ಕು ಬಹು ಆಯ್ಕೆ, ಅಲ್ಲಿಗೆ ಹನ್ನೆರಡು. ಫೇಲ್ ಆಗಿ ಶಾಲೆ ಬಿಡೋ ಮಕ್ಕಳು, ಮುಖ್ಯವಾಗಿ ಹೆಣ್ಣುಮಕ್ಕಳು ಉಳೀತಾರೆ ಅನ್ನೋ ವಾದಕ್ಕೆ ತೂಕ ಇದೆ, ನಾವು ಅದನ್ನ ತಳ್ಳಿಹಾಕಲ್ಲ. ಆದರೆ ಪಾಸಾದ ಮಗು ನಾಳೆ ಪಿಯುಸಿ ವಾಣಿಜ್ಯಕ್ಕೆ ಹೋದಾಗ ಬೇಸಿಕ್ ಮ್ಯಾಥ್ಸ್ ಇದೆ, ಡಿಪ್ಲೊಮಾಗೆ ಹೋದರೆ ಮೊದಲ ವರ್ಷವೇ ಗಣಿತ ಇದೆ. ಅಲ್ಲಿ ಪ್ಯಾಕೇಜ್ ನಡೆಯಲ್ಲ.

ಬೇರೆ ದಾರಿ ಇಲ್ಲವೇ ಅಂದ್ರೆ, ಸಿಬಿಎಸ್‌ಇ 2020ರ ಪರೀಕ್ಷೆಯಿಂದ ಹತ್ತನೇ ಕ್ಲಾಸ್ ಗಣಿತಕ್ಕೆ ಬೇಸಿಕ್, ಸ್ಟ್ಯಾಂಡರ್ಡ್ ಅಂತ ಎರಡು ಪತ್ರಿಕೆ ಮಾಡಿದೆ. ಪಾಠ ಒಂದೇ, ಪತ್ರಿಕೆ ಬೇರೆ. ನಮ್ಮ ಮಂಡಳಿ ಅದನ್ನೇ ನಕಲು ಮಾಡಬೇಕು ಅಂತಿಲ್ಲ. ಆದರೆ ಸುಲಭದ ಪತ್ರಿಕೆಯಲ್ಲೇ ಆದರೂ ಸಂತೆಯ, ಅಂಗಡಿಯ, ಬಸ್ ಟಿಕೆಟಿನ ಲೆಕ್ಕವನ್ನ ಸಮೀಕರಣ ಮಾಡಿಸೋ ಎರಡು ಪ್ರಶ್ನೆ ಕಡ್ಡಾಯ ಮಾಡಿ, ಸಮೀಕರಣ ಕಟ್ಟಿದ್ದಕ್ಕೇ ಅರ್ಧಕ್ಕರ್ಧ ಅಂಕ ಇಟ್ಟರೆ ಸಾಕು. ಜನವರಿಯ ಪ್ಯಾಕೇಜೂ ತಾನಾಗಿ ಬದಲಾಗುತ್ತೆ.

ಅಲ್ಲಿಯವರೆಗೆ ಪೋಷಕರು ಮಾಡಬಹುದಾದ್ದು ಇಷ್ಟು. ಆಂತರಿಕ ಅಂಕ ನಾಲ್ಕು ರೂಪಣಾತ್ಮಕ ಪರೀಕ್ಷೆಗಳಿಂದ ಬರೋದು. ಯಾವುದರಲ್ಲಿ ಎಷ್ಟು ಬಂತು ಅಂತ ಶಾಲೆಯಲ್ಲಿ ಕೇಳಿ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆ ಕೈಗೆ ಬಂದಾಗ ಒಟ್ಟು ಅಂಕ ನೋಡೋದಕ್ಕಿಂತ, ವಾಕ್ಯರೂಪದ ಲೆಕ್ಕವನ್ನ ಮಗು ಬರೆಯೋಕೆ ಪ್ರಯತ್ನ ಪಟ್ಟಿದೆಯಾ, ಇಲ್ಲಾ ಜಾಗ ಖಾಲಿ ಬಿಟ್ಟಿದೆಯಾ ನೋಡಿ. ಅಂತಿಮ ಪರೀಕ್ಷೆಯ ಅಂಕದ ಬಗ್ಗೆ ಅನುಮಾನ ಇದ್ದರೆ ಮಲ್ಲೇಶ್ವರದ 6ನೇ ಕ್ರಾಸಿನಲ್ಲಿರೋ ಮಂಡಳಿ ಕಚೇರಿಗೆ ಅಲೆಯಬೇಕಿಲ್ಲ, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ, ಅದನ್ನ ನೋಡಿದ ಮೇಲೆ ಬೇಕಿದ್ದರೆ ಮರುಮೌಲ್ಯಮಾಪನ. ಸ್ಕ್ಯಾನ್ ಪ್ರತಿಯನ್ನ ಮಂಡಳಿಯ ಮಾದರಿ ಉತ್ತರದ ಪಕ್ಕದಲ್ಲಿಟ್ಟು ಹಂತ ಹಂತವಾಗಿ ತಾಳೆ ನೋಡಿ. ಮಗು ಬೇರೆ ವಿಧಾನದಲ್ಲಿ ಬಿಡಿಸಿದ ಲೆಕ್ಕ ಇದ್ದರೆ ಅಲ್ಲಿಂದಲೇ ಶುರು ಮಾಡಿ.