ಯಾದಿ ಯಾರ ಕೈಯಾಗ? ಕೈಯಾರೆ ಲಗ್ನ ಮಾಡ್ಕೊಳ್ಳೋ ಜೋಡಿಗಳ ಮುಂದಿರೋ ಲೆಕ್ಕ

ಚಿಕ್ಕೋಡಿ: ತುಳಸಿ ಲಗ್ನ ಮುಗೀತು ಅಂದ್ರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಎರಡು ಸೀಜನ್ ಕೂಡಿಯೇ ಶುರುವಾಗುತ್ತವೆ. ಒಂದು ಕಬ್ಬಿನದು, ಇನ್ನೊಂದು ಲಗ್ನದ್ದು. ನಿಶ್ಚಯ ಆದ ಜೋಡಿಗಳಲ್ಲಿ ಕೆಲವರು ಈಗ "ಹಾಲ್ ಬ್ಯಾಡ, ಇವೆಂಟ್‌ನವರು ಬ್ಯಾಡ, ನಮ್ಮ ಲಗ್ನ ನಾವ ಕೈಯಾರೆ ಮಾಡ್ಕೋತೀವಿ" ಅನ್ನುತ್ತಿದ್ದಾರೆ. ಲಗ್ನಪತ್ರಿಕೆ ಮೊಬೈಲ್‌ನಲ್ಲಿ ತಾವೇ ಮಾಡೋದು, ಮನೆ ಮುಂದೆ ಹಂದರ, ಗೆಳೆಯರ ಕೈಯಿಂದ ಹೂವಿನ ಅಲಂಕಾರ. ಕೇಳಲಿಕ್ಕೆ ಚಂದ ಇದೆ. ಆದರೆ ನಮ್ಮ ಕಡೆ ಲಗ್ನದ ಖರ್ಚು ತೀರ್ಮಾನ ಆಗೋದು ಅಲಂಕಾರದಲ್ಲಿ ಅಲ್ಲ, ಯಾದಿಯಲ್ಲಿ. ಆ ಯಾದಿ ಬರೆಯುವಾಗ ಲಗ್ನ ಆಗೋ ಇಬ್ಬರಿಗೇ ಮಾತಾಡಲಿಕ್ಕೆ ಜಾಗ ಇರೋದಿಲ್ಲ.

ಯಾದಿ ಅಂದ್ರೆ ಈ ಗಡಿ ಭಾಗದವರಿಗೆ ಬಿಡಿಸಿ ಹೇಳೋದು ಬೇಕಿಲ್ಲ. ಎರಡೂ ಕಡೆ ಹಿರಿಯರು ಕೂತು ಬಂಗಾರ ಎಷ್ಟು, ಜವಳಿ ಯಾರದು, ಊಟ ಯಾರದು, ಭಾಂಡೆ ಸಾಮಾನು ಏನೇನು ಅಂತ ಹಾಳೆಯ ಮೇಲೆ ಬರೆದು ಸಹಿ ಹಾಕೋದು. ಹುಡುಗಿ ಒಳಗೆ ಚಹಾ ಕಪ್ ಜೋಡಿಸುತ್ತಿರುತ್ತಾಳೆ, ಹುಡುಗ ಹೊರಗೆ ಗೆಳೆಯರ ಜೊತೆ ನಿಂತಿರುತ್ತಾನೆ. ಒಳಗೆ ಪೆನ್ನು ಸೋದರಮಾವನ ಕೈಯಲ್ಲೋ, ಊರ ಹಿರಿಯರ ಕೈಯಲ್ಲೋ ಇರುತ್ತದೆ. ಇದೇ ಪದ್ಧತಿಯೊಳಗಿಂದ ಹುಟ್ಟಿದ್ದು "ಯಾದಿ ಪೇ ಶಾದಿ". ಯಾದಿಗೆ ಬಂದ ಮಂದಿ ಎದುರಿಗೇ, ಅದೇ ದಿನ, ಅಕ್ಷತೆ ಹಾಕಿ ಲಗ್ನ ಮುಗಿಸೋದು. ಎರಡನೇ ಊಟ ಇಲ್ಲ, ಎರಡನೇ ಹಂದರ ಇಲ್ಲ. ಕೈಯಾರೆ ಲಗ್ನ ಅನ್ನೋ ಮಾತು ಮೊಬೈಲ್‌ನಲ್ಲಿ ಬರುವ ಎಷ್ಟೋ ಮೊದಲೇ ನಮ್ಮವರು ಖರ್ಚು ಉಳಿಸುವ ಒಂದು ದಾರಿ ಕಂಡುಕೊಂಡಿದ್ದರು.

ನಿಶ್ಚಯದಿಂದ ಲಗ್ನದವರೆಗಿನ ತಿಂಗಳುಗಳು ಜೋಡಿಗೆ ಸುಲಭದವಲ್ಲ. ಹುಡುಗ ಪುಣೆಯಲ್ಲೋ ಬೆಳಗಾವಿಯಲ್ಲೋ ಕೆಲಸದಲ್ಲಿದ್ದರೆ ಮಾತು ಫೋನಿನಲ್ಲಿ ಮಾತ್ರ. ಊರಿಗೆ ಬಂದಾಗ ಇಬ್ಬರೂ ಎಲ್ಲಾದರೂ ಕೂತು ಲೆಕ್ಕ ಹಾಕಿದರೆ "ಇನ್ನೂ ಅಕ್ಷತಾ ಬಿದ್ದಿಲ್ಲ" ಅಂತ ಹಿರಿಯರ ಕಣ್ಣು. ಜವಳಿ ತರಲಿಕ್ಕೆ ಕೊಲ್ಹಾಪುರಕ್ಕೆ ಎರಡು ಗಾಡಿ ತುಂಬ ಮಂದಿ ಹೋಗುತ್ತಾರೆ, ಸೀರೆ ಆರಿಸೋದು ಅತ್ತಿ. ವಿಚಿತ್ರ ಅಂದ್ರೆ ಪ್ರಿ-ವೆಡ್ಡಿಂಗ್ ಶೂಟ್‌ಗೆ ಇಬ್ಬರನ್ನೂ ಕಳಿಸುವ ಮನೆಯೇ ಖರ್ಚಿನ ಚೀಟಿ ನೋಡಲಿಕ್ಕೆ ಇಬ್ಬರನ್ನೂ ಕೂರಿಸೋದಿಲ್ಲ.

ಇನ್ನು ರೊಕ್ಕ ಬರೋದು ಎಲ್ಲಿಂದ? ಕಬ್ಬಿನಿಂದ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ದಿನಗಟ್ಟಲೆ ಕೂತ ಮೇಲೆ ಟನ್‌ಗೆ 3,300 ರೂ. ದರಕ್ಕೆ ಸರ್ಕಾರ ಒಪ್ಪಿತು. 100 ಟನ್ ಕಳಿಸಿದ ಮನೆಗೆ 3 ಲಕ್ಷ 30 ಸಾವಿರ. ಅದರಲ್ಲಿ ಗೊಬ್ಬರದ ಬಾಕಿ, ಸೊಸೈಟಿ ಸಾಲ ಕಳೆಯಬೇಕು, ಉಳಿದದ್ದು ಲಗ್ನಕ್ಕೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಆಗಬೇಕು, ತಡ ಆದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಿ ಕೊಡಬೇಕು. ಈ 14 ದಿನ ಎಷ್ಟರ ಮಟ್ಟಿಗೆ ಪಾಲನೆ ಆಗುತ್ತದೆ ಅನ್ನೋದು ಬೆಳೆಗಾರರಿಗೆ ಗೊತ್ತು, ಉದ್ರಿ ಬರೆದಿಟ್ಟ ಕಿರಾಣಿ ಅಂಗಡಿಯವರಿಗೂ ಗೊತ್ತು. ಮುಹೂರ್ತ ಕಾಯೋದಿಲ್ಲ, ಬಿಲ್ ಕಾಯಿಸುತ್ತದೆ. ನಡುವಿನ ಅಂತರ ತುಂಬೋದು ಕೈಗಡ, ಬಡ್ಡಿ ಸಾಲ, ಇಲ್ಲವೇ ಬಂಗಾರದ ಅಡವು.

ಹೀಗಿರುವಾಗ ಕೈಯಾರೆ ಮಾಡೋದರಿಂದ ನಿಜವಾಗಿ ಏನು ಉಳಿಯುತ್ತದೆ? ಊಟದ ಎಲೆಗೆ 150 ರೂ. ಅಂತ ಹಿಡಿದರೂ 1,000 ಮಂದಿಗೆ ಒಂದೂವರೆ ಲಕ್ಷ. 300 ಮಂದಿಗೆ 45 ಸಾವಿರ. ಕಾಗದದ ಹೂವು ಎಷ್ಟೇ ಕತ್ತರಿಸಿದರೂ ಈ ಒಂದು ಲಕ್ಷ ಉಳಿಯೋದಿಲ್ಲ. ಅದು ಉಳಿಯಬೇಕಾದರೆ ಕರೆಯುವ ಮಂದಿಯ ಹೆಸರು ಕಡಿಮೆ ಆಗಬೇಕು, ಅಂದ್ರೆ ಮತ್ತೆ ಯಾದಿಯ ಮುಂದೆ ಕೂರಬೇಕು.

ಇನ್ನೊಂದು ಮಾತು. ಕೈಯಾರೆ ಅಂದ್ರೆ ಯಾರ ಕೈ? ಶ್ಯಾವಿಗೆ, ಹಪ್ಪಳ, ಸಂಡಿಗೆ, ಕೌದಿ ಎಲ್ಲಾ ಮೊದಲಿಂದ ಕೈಯಾರೆ ಆದವೇ, ಹೆಣ್ಣುಮಕ್ಕಳ ಕೈಯಿಂದ. ಹುಡುಗಿ ಕಡೆಯವರು ತಮ್ಮ ಕೈಯಲ್ಲಿ ಮಾಡಿದ ತಿಂಡಿ, ಹೆಣಿಕೆ ಸಾಮಾನು ಜೋಡಿಸಿ ಇಡುತ್ತಿದ್ದ ರುಖವತ ಈಗ ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತದೆ. ಅದನ್ನು ಮತ್ತೆ ಮನೆಯಲ್ಲೇ ಮಾಡಬೇಕು ಅಂದಾಗ ಆ ಕೆಲಸ ಅವ್ವ, ಅಜ್ಜಿ, ಅತ್ತಿಗೆಯರ ಹೆಗಲಿಗೇ ಬಂದು ಬೀಳುತ್ತದೆ. ಹೊಲದ ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಕೂತು ಮಾಡೋ ದುಡಿಮೆಗೆ ಬಿಲ್ ಬರೋದಿಲ್ಲ ಅಂತ ಅದು ಪುಕ್ಕಟೆ ಅಲ್ಲ. ಹುಡುಗನೂ ಅವನ ಗೆಳೆಯರೂ ಸಂಡಿಗೆ ಹಾಕಲಿಕ್ಕೆ ಮಾಳಿಗೆ ಹತ್ತಿದರೆ ಆಗ ಕೈಯಾರೆ ಅನ್ನಬಹುದು.

ರೊಕ್ಕ ಕೊಟ್ಟು ಮಾಡಿಸಬೇಕಾದ ಕೈಕೆಲಸವೂ ನಮ್ಮಲ್ಲೇ ಇದೆ, ಮೊದಲನೆಯದು ಚಪ್ಪಲಿ. ಕೊಲ್ಹಾಪುರಿ ಅಂತ ಹೆಸರು ಇದ್ದರೂ ಅಥಣಿ, ಮದಭಾವಿ, ನಿಪ್ಪಾಣಿಯ ಕುಶಲಕರ್ಮಿಗಳ ಕೈಯಲ್ಲಿ ಅದು ತಲೆಮಾರುಗಳಿಂದ ತಯಾರಾಗುತ್ತ ಬಂದಿದೆ. 2019ರಲ್ಲಿ ಜಿಐ ಟ್ಯಾಗ್ ಬಂದಾಗ ಮಹಾರಾಷ್ಟ್ರದ 4 ಜಿಲ್ಲೆ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಹೀಗೆ 8 ಜಿಲ್ಲೆಗಳಿಗೆ ಸೇರಿ ಬಂತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ನಮೂನೆಯ ಚಪ್ಪಲಿಯನ್ನು ಮಿಲಾನ್‌ನ ಫ್ಯಾಷನ್ ಶೋದಲ್ಲಿ ತೋರಿಸಿ, ಮೂಲ ಹೇಳದೆ ಬೈಸಿಕೊಂಡಿತು. ಡಿಸೆಂಬರ್‌ನಲ್ಲಿ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ಜೊತೆ ಒಪ್ಪಂದ ಮಾಡಿಕೊಂಡು 2,000 ಜೋಡಿ ಮಾಡಿಸುವುದಾಗಿ ಹೇಳಿತು. ಜೋಡಿಗೆ ಬೆಲೆ ಸುಮಾರು 800 ಯುರೋ. ಅಷ್ಟು ದೂರದ ಗಿರಾಕಿ ಬಂದರೂ ಅಥಣಿಯ ಮದುಮಗ ಮಾತ್ರ ರೆಕ್ಸಿನ್ ಮೋಜಡಿ ಹಾಕಿಕೊಂಡು ಹಂದರಕ್ಕೆ ಬರುತ್ತಾನೆ.

ಅಂದಹಾಗೆ ಶರಣರ ಐತಿಹ್ಯದಲ್ಲಿ ಚಪ್ಪಲಿ ಮತ್ತು ಲಗ್ನ ಎರಡೂ ಒಂದೇ ಮನೆಯಲ್ಲಿ ಇವೆ. ಬಸವಣ್ಣನವರಿಗೆ ಚಮ್ಮಾವುಗೆ ಮಾಡಿಕೊಟ್ಟ ಹರಳಯ್ಯನ ಮಗನಿಗೇ ಮಧುವರಸನ ಮಗಳನ್ನು ಕೊಟ್ಟಿದ್ದು. ಲಗ್ನಕ್ಕೆ ಚಪ್ಪಲಿ ಮಾಡಿಸುವವರು ಮಾಡಿದವರನ್ನೂ ಹಂದರಕ್ಕೆ ಕರೆದು ಪಂಕ್ತಿಯಲ್ಲಿ ಕೂರಿಸುತ್ತಾರಾ ಅಂತ ಕೇಳಬೇಕಾಗುತ್ತದೆ.

ಅಂಗಡಿಯವರು ಇಲ್ಲಿ ಒಂದು ಲೆಕ್ಕ ನೋಡಬಹುದು. 2025ರ ಸೆಪ್ಟೆಂಬರ್ 22ರಿಂದ 2,500 ರೂ. ಒಳಗಿನ ಚಪ್ಪಲಿಗೆ ಜಿಎಸ್‌ಟಿ ಶೇ 5. ಹೊಲಿದ ಸೂಟು, ಶೇರ್ವಾನಿ 2,500 ದಾಟಿದರೆ ಶೇ 18. ಅದೇ ಬಟ್ಟೆ ಅಂಗಡಿಯಲ್ಲಿ ಪೀಸ್ ತಗೊಂಡು ಊರಿನ ಟೇಲರ್ ಕೈಯಲ್ಲಿ ಹೊಲಿಸಿದರೆ ಬಟ್ಟೆಗೆ ಶೇ 5. ಕೈಯಾರೆ ಲಗ್ನದಿಂದ ಹಾಲ್‌ಗೆ, ಡೆಕೋರೇಷನ್‌ನವರಿಗೆ ಪೆಟ್ಟು ಬೀಳೋದು ನಿಜ. ಆದರೆ ಕೊಲ್ಹಾಪುರ, ಇಚಲಕರಂಜಿ, ಬೆಳಗಾವಿಗೆ ಹೋಗುವ ರೊಕ್ಕದಲ್ಲಿ ಸ್ವಲ್ಪವಾದರೂ ಟೇಲರ್, ಬಳೆಗಾರ, ಕಿರಾಣಿ, ಹೂವಿನವರ ಕೈಗೆ ಬರುತ್ತದೆ. ಹಾಗಂತ ನಗದು ಬರುತ್ತದೆ ಅಂತಲ್ಲ, ಉದ್ರಿ ಉದ್ರಿನೇ.

ಬಂಗಾರದ ಮಾತು ಬಂದರೆ ಎಲ್ಲಾ ಲೆಕ್ಕ ತಲೆಕೆಳಗಾಗುತ್ತದೆ. 2020ರಲ್ಲಿ ಮುಜರಾಯಿ ದೇವಸ್ಥಾನಗಳ ಸಾಮೂಹಿಕ ಲಗ್ನಕ್ಕೆ ಸಪ್ತಪದಿ ಯೋಜನೆ ತಂದಾಗ 8 ಗ್ರಾಂ ತಾಳಿ-ಗುಂಡಿಗೆ 40 ಸಾವಿರ, ವಧುವಿನ ಸೀರೆಗೆ 10 ಸಾವಿರ, ವರನಿಗೆ 5 ಸಾವಿರ ಅಂತ ಇಟ್ಟಿದ್ದರು. 2025ರಲ್ಲಿ 10 ಗ್ರಾಂ ಬಂಗಾರ 1 ಲಕ್ಷ ದಾಟಿತು. ಅದೇ 8 ಗ್ರಾಂಗೆ 80 ಸಾವಿರದ ಮೇಲೆ. ಯಾದಿಯಲ್ಲಿ "5 ತೊಲಿ" ಅಂತ ಬರೆದು ಆರು ತಿಂಗಳು ಬಿಟ್ಟು ಲಗ್ನ ಇಟ್ಟುಕೊಂಡ ಹುಡುಗಿಯ ಅಪ್ಪನ ಪಾಡು ಹೇಳತೀರದು. ತೊಲಿ ಅಷ್ಟೇ ಇರುತ್ತದೆ, ರೊಕ್ಕ ಬೆಳೆಯುತ್ತದೆ.

ಕಾನೂನಿನಲ್ಲೂ ಒಂದು ಯಾದಿ ಇದೆ ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ ಲಗ್ನದಲ್ಲಿ ಬಂದ ಉಡುಗೊರೆಗಳ ಪಟ್ಟಿ ಬರೆದಿಡಬೇಕು. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಸಂಬಂಧ ಏನು. ವಧುವಿಗೆ ಬಂದದ್ದರ ಪಟ್ಟಿ ವಧುವಿನ ಹತ್ತಿರ, ವರನದು ವರನ ಹತ್ತಿರ, ಎರಡಕ್ಕೂ ಇಬ್ಬರ ಸಹಿ. ಹಿರಿಯರ ಯಾದಿ ಲಗ್ನಕ್ಕೆ ಮೊದಲು ಬರೆಯೋದು, ಏನು ಕೊಡಬೇಕು ಅಂತ. ಕಾನೂನಿನ ಯಾದಿ ಲಗ್ನದ ಹೊತ್ತಿಗೆ ಬರೆಯೋದು, ಏನು ಬಂತು ಅಂತ. ಮೊದಲನೆಯದರಲ್ಲಿ ವರನ ಕಡೆಯ ಬೇಡಿಕೆ ಇದ್ದರೆ ಆ ಹಾಳೆಯೇ ಅಪರಾಧಕ್ಕೆ ಸಾಕ್ಷಿ ಆಗಬಹುದು. ವರದಕ್ಷಿಣೆ ಕೊಟ್ಟರೂ ತಗೊಂಡರೂ ಕನಿಷ್ಠ 5 ವರ್ಷ ಜೈಲು ಅಂತ ಕಾಯ್ದೆ ಹೇಳುತ್ತದೆ. ತಮ್ಮ ಲಗ್ನ ತಾವೇ ಮಾಡ್ಕೋತೀವಿ ಅನ್ನೋ ಜೋಡಿ ಮೊದಲು ತಮ್ಮ ಕೈಯಾರೆ ಬರೆಯಬೇಕಾದ್ದು ಈ ಎರಡನೇ ಯಾದಿ.

ಸರಳ ಲಗ್ನಕ್ಕೆ ಮಾದರಿ ಇಲ್ಲ ಅನ್ನುವಂತಿಲ್ಲ. 1873ರಲ್ಲೇ ಪುಣೆ ಕಡೆ ಫುಲೆಯವರ ಸತ್ಯಶೋಧಕ ಲಗ್ನ ನಡೆದಿತ್ತು. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಲಗ್ನವನ್ನು ಮಂತ್ರಮಾಂಗಲ್ಯದಲ್ಲಿ ಮಾಡಿದರು. ಆದರೆ ಸರಳ ಅಂತ ಬರೀ ಕಾಗದಕ್ಕೆ ಸಹಿ ಮಾಡಿ ಬಂದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಸಾಲದು. ಎರಡೂ ಕಡೆಯಲ್ಲಿ ಯಾರಾದರೊಬ್ಬರ ರೂಢಿಯ ಪ್ರಕಾರ ವಿಧಿ ಆಗಿರಬೇಕು ಅಂತ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಸ್ಪಷ್ಟ ಮಾಡಿದೆ. ವಿಧಿಯೇ ಬೇಡ ಅನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, 30 ದಿನದ ನೋಟಿಸು, ಮೂವರು ಸಾಕ್ಷಿದಾರರು.

ಮನೆ ಮುಂದಿನ ಹಂದರದಲ್ಲಿ ಲಗ್ನ ಮಾಡಿಕೊಳ್ಳುವವರು ಅಕ್ಷತೆ ಬೀಳುವ ಹೊತ್ತಿನ ಒಂದು ಸ್ಪಷ್ಟ ಫೋಟೋ, ಒಂದು ಲಗ್ನಪತ್ರಿಕೆ, ಇಬ್ಬರ ವಯಸ್ಸಿನ ದಾಖಲೆ ಜೋಪಾನ ಇಡಬೇಕು. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. 2024ರಿಂದ ಕಾವೇರಿ 2.0 ತಂತ್ರಾಂಶದಲ್ಲಿ ಹಿಂದೂ ವಿವಾಹ ನೋಂದಣಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಗೌಂಡಿ, ಸೆಂಟ್ರಿಂಗ್ ಕೆಲಸದವರ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಇದ್ದವರಿಗೆ ಲಗ್ನಕ್ಕೆ 60 ಸಾವಿರ ರೂ. ಸಹಾಯಧನ ಇದೆ, ಅರ್ಜಿಗೆ ನೋಂದಣಿ ಪ್ರಮಾಣಪತ್ರ ಬೇಕಾಗುತ್ತದೆ.