ಮನಶ್ಶಾಸ್ತ್ರವೂ ಸಭಾಸೇವೆಯೂ

ಚಿಗಟೇರಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನನಗೆ ಕಾಗದ ಬರೆದು, "ಪೂಜ್ಯ ಅಮ್ಮನವರೇ, ನಾನು ಮನಶ್ಶಾಸ್ತ್ರವನ್ನು ಓದಲೋ, ದೈವಶಾಸ್ತ್ರವನ್ನು ಓದಿ ಸಭಾಸೇವೆಗೆ ಸೇರಲೋ? ಇವೆರಡೂ ಒಬ್ಬಳಲ್ಲಿ ಕೂಡಬಲ್ಲವೇ?" ಎಂದು ಕೇಳಿದ್ದಾಳೆ. ಈ ಪ್ರಶ್ನೆಯು ಅನೇಕರದಾಗಿರುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.

ಕೂಡಬಲ್ಲವು, ಆದರೆ ಒಂದರ ಕೆಲಸವನ್ನು ಮತ್ತೊಂದರಿಂದ ಮಾಡಿಸಲಾಗದು. ಇದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆನು. ಹಲವು ವರುಷಗಳ ಹಿಂದೆ ವಸತಿಗೃಹದ ಹುಡುಗಿಯೊಬ್ಬಳು ಊಟ ಬಿಟ್ಟು, ನಿದ್ರೆಯಿಲ್ಲದೆ ಅಳುತ್ತಿದ್ದಳು. ಅದನ್ನು ವಿಶ್ವಾಸದ ಕೊರತೆಯೆಂದು ಬಗೆದು ನಾನು ಪ್ರಾರ್ಥನೆಯನ್ನು ಮಾತ್ರ ಹೇಳಿಕೊಟ್ಟೆನು. ಅದು ರೋಗವೆಂದು ವೈದ್ಯರು ತಿಳಿಸುವಷ್ಟರಲ್ಲಿ ಎರಡು ತಿಂಗಳು ಕಳೆದಿದ್ದವು. ರೋಗದಿಂದ ಬಳಲುತ್ತಿದ್ದವಳ ಮೇಲೆ ಪಾಪದ ಭಾರವನ್ನೂ ಹೊರಿಸಿದವಳು ನಾನೇ.

ಪ್ರವಾದಿಯಾದ ಎಲೀಯನು ಸಾವನ್ನು ಬೇಡಿ ಅಡವಿಯಲ್ಲಿ ಮಲಗಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ದೇವರ ಮಾತು ಅವನಿಗೆ ಕೇಳಿಸಿದುದು ಆ ಮೇಲೆ. ಈ ಕ್ರಮವನ್ನು ನಾವು ಮರೆತಿದ್ದೇವೆ.

ಅಮೇರಿಕದ ಬೋಧಕರಾದ ಆಂಟನ್ ಬಾಯ್ಸನ್ನರು 1920ರಲ್ಲಿ ತಾವೇ ಮನೋರೋಗದಿಂದ ಆಸ್ಪತ್ರೆ ಸೇರಿ ಗುಣಹೊಂದಿದರು. 1925ರಲ್ಲಿ ವೂಸ್ಟರ್ ನಗರದ ಮಾನಸಿಕ ಆಸ್ಪತ್ರೆಯಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ರೋಗಿಗಳ ನಡುವೆಯೇ ತರಬೇತು ಕೊಡಲಾರಂಭಿಸಿದರು. ನಮ್ಮ ಸೀಮೆಯೂ ಇದರಲ್ಲಿ ಹಿಂದುಳಿದುದಲ್ಲ. 1980ರ ದಶಕದಲ್ಲಿ, ಚಿಗಟೇರಿಯು ಬಳ್ಳಾರಿ ಜಿಲ್ಲೆಗೆ ಸೇರಿದ್ದಾಗ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸುವುದನ್ನು ಕಲಿಸಿದರು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಪ್ರಯೋಗವೇ ಮಾದರಿಯಾಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯು ಕಲಿಯಬಲ್ಲುದನ್ನು ಸಭಾಪಾಲಕರೂ ಶಿಕ್ಷಕಿಯರೂ ಏಕೆ ಕಲಿಯಬಾರದು?

ಆದಕಾರಣ, ಮಗುವೇ, ಎರಡನ್ನೂ ಓದು. ಎರಡನ್ನೂ ಅರೆಬರೆಯಾಗಿ ಓದಬೇಡ. ಮನಶ್ಶಾಸ್ತ್ರದ ಪದವಿಯೊಂದೇ ಚಿಕಿತ್ಸೆಯ ಅಧಿಕಾರವನ್ನು ಕೊಡುವುದಿಲ್ಲ. ರೋಗಿಗಳ ನಡುವೆ ಪಡೆದ ತರಬೇತೂ ಬೇಕು. ದೈವಶಾಸ್ತ್ರಕ್ಕೆ ಬೆಂಗಳೂರಿನಲ್ಲಿ 1910ರಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು ಇದೆ.

ಇನ್ನೆರಡು ಮಾತುಗಳನ್ನು ನೆನಪಿಡು. ನಿನ್ನ ಬಳಿಗೆ ಬರುವವರು ಯಾವ ಮತದವರೇ ಆಗಿರಲಿ, ಅವರ ದೌರ್ಬಲ್ಯದ ಗಳಿಗೆಯನ್ನು ಮತಬೋಧನೆಯ ಅವಕಾಶವನ್ನಾಗಿ ಮಾಡಿಕೊಳ್ಳಬೇಡ. ಅವರು ನಂಬಿ ಹೇಳಿದ ಗುಟ್ಟು ಪ್ರಾರ್ಥನಾಕೂಟದ ವಿಷಯವಾಗದಿರಲಿ; ಸಣ್ಣ ಊರಿನಲ್ಲಿ ಒಮ್ಮೆ ಹೊರಬಿದ್ದ ಮಾತು ಮರಳಿ ಒಳಹೋಗದು. ಬೇಡುವವರೊಡನೆ ಮನಸಾರೆ ಪ್ರಾರ್ಥಿಸು. ಆದರೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಲು ತಡಮಾಡಬೇಡ. ನಾನು ತಡಮಾಡಿದೆನು.